ಡ್ಯೂಕ್ ನ್ಯೂಕೆಮ್: ಯಾವುದರಿಂದ ಶುರು ಮಾಡೋದು, ಯಾವುದನ್ನು ಬಿಡೋದು

ಗಿಡ್ಡ ಹೊಂಬಣ್ಣದ ಕೂದಲು, ಕಪ್ಪು ಕನ್ನಡಕ, ಕೆಂಪು ಬನಿಯನ್, ಬಾಯಿ ತೆರೆದರೆ ಬಡಾಯಿ. ಡ್ಯೂಕ್ ನ್ಯೂಕೆಮ್ ಗೇಮ್ ಆಡದವರೂ ಈ ಮುಖವನ್ನು ಎಲ್ಲೋ ನೋಡಿರುತ್ತಾರೆ. ಆದರೆ ಇವತ್ತು ಹೊಸದಾಗಿ ಆಡೋಣ ಅಂತ ಕೂತವರಿಗೆ ಯಾವುದನ್ನು ಆರಿಸಬೇಕು ಅನ್ನೋದೇ ಗೊತ್ತಾಗುವುದಿಲ್ಲ. 1991ರಿಂದ ಈ ಹೆಸರಲ್ಲಿ ಬಂದ ಗೇಮ್‌ಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಪಕ್ಕದಿಂದ ನೋಡಿ ಜಿಗಿಯುತ್ತಾ ಹೋಗುವ ಆಟ. ಕೆಲವು ಡ್ಯೂಕ್‌ನ ಕಣ್ಣಿಂದಲೇ ನೋಡುವ ಶೂಟರ್. ಇನ್ನು ಕೆಲವದರಲ್ಲಿ ಕ್ಯಾಮೆರಾ ಅವನ ಬೆನ್ನ ಹಿಂದೆ ಇರುತ್ತದೆ. ಮಾಡಿದವರೂ ಬೇರೆ ಬೇರೆ. ಬರೀ ಹೆಸರು ನೋಡಿ ಒಂದನ್ನು ಕೊಂಡರೆ ಕೆಟ್ಟದ್ದೇ ಕೈಗೆ ಬರುವ ಸಾಧ್ಯತೆ ಜಾಸ್ತಿ.

ಆರಿಸೋಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಆ ಗೇಮಿನ ಜಗತ್ತು ನಿಮ್ಮ ಕೈಗೆ ಎಷ್ಟು ಸಿಗುತ್ತದೆ? ಗೋಡೆಯಲ್ಲಿ ಸ್ವಿಚ್ ಇದ್ದರೆ ದೀಪ ಆರುತ್ತಾ? ಬಾಂಬ್ ಇಟ್ಟರೆ ಗೋಡೆ ಬೀಳುತ್ತಾ? ಬಿದ್ದ ಗೋಡೆಯ ಹಿಂದೆ ಏನಾದರೂ ಇರುತ್ತಾ? ಡ್ಯೂಕ್‌ನ ಬಡಾಯಿ ಊಟದ ಜೊತೆಗಿನ ಉಪ್ಪಿನಕಾಯಿ. ಊಟ ಚೆನ್ನಾಗಿದ್ದರೆ ಅದಕ್ಕೂ ರುಚಿ. ಈ ಸರಣಿಯಲ್ಲಿ ಗೆದ್ದ ಗೇಮ್‌ಗಳಿಗೆ ಇದು ಗೊತ್ತಿತ್ತು, ಸೋತವು ಮರೆತವು.

ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ: ಡ್ಯೂಕ್ ನ್ಯೂಕೆಮ್ 3ಡಿ. ಅದರ ಮೊದಲ ಎಪಿಸೋಡ್ ಹೇಗೂ ಪುಕ್ಕಟೆ. ಉಳಿದವುಗಳಲ್ಲಿ ಯಾವುದು ಯಾರಿಗೆ, ಯಾವ ಆವೃತ್ತಿ ತಗೋಬೇಕು ಅನ್ನೋದು ಮುಂದೆ ಇದೆ.

3ಡಿ: ಶುರು ಮಾಡೋದು ಇಲ್ಲಿಂದಲೇ

1996ರ ಜನವರಿಯಲ್ಲಿ ಅಮೆರಿಕದ ಟೆಕ್ಸಸ್‌ನ 3ಡಿ ರೆಲ್ಮ್ಸ್ ಕಂಪನಿ ಇದರ ಮೊದಲ ಎಪಿಸೋಡನ್ನು ಶೇರ್‌ವೇರ್ ಆಗಿ ಹೊರಬಿಟ್ಟಿತು. ಮೊದಲ ಭಾಗ ಪುಕ್ಕಟೆ ಆಡಿ, ನಕಲು ಮಾಡಿ ಗೆಳೆಯರಿಗೂ ಕೊಡಿ, ಇಷ್ಟವಾದರೆ ದುಡ್ಡು ಕೊಟ್ಟು ಉಳಿದದ್ದು ತರಿಸಿಕೊಳ್ಳಿ. ಆ ಕಾಲದ ವ್ಯಾಪಾರ ಹಾಗಿತ್ತು.

ಆಗಿನ ಶೂಟರ್‌ಗಳೆಂದರೆ ಹೆಚ್ಚಾಗಿ ಕತ್ತಲೆ ಕೋಟೆ, ನರಕ, ಲೋಹದ ಕಾರಿಡಾರ್. ಜಾಗಗಳಿಗೆ ಅರ್ಥ ಇರುತ್ತಿರಲಿಲ್ಲ. ಡ್ಯೂಕ್ ಬಂದಿಳಿದದ್ದು ಲಾಸ್ ಏಂಜಲಿಸ್‌ನ ಒಂದು ಕಟ್ಟಡದ ಮೇಲೆ. ಕೆಳಗೆ ಬೀದಿ, ಎದುರಿಗೆ ಸಿನಿಮಾ ಥಿಯೇಟರ್. ಒಳಗೆ ಟಿಕೆಟ್ ಕೌಂಟರ್, ಶೌಚಾಲಯ, ಪ್ರೊಜೆಕ್ಟರ್ ಕೋಣೆ. ಪ್ರೊಜೆಕ್ಟರ್ ಸ್ವಿಚ್ ಒತ್ತಿದರೆ ಪರದೆ ಮೇಲೆ ಚಿತ್ರ ಓಡುತ್ತದೆ. ಕನ್ನಡಿಯಲ್ಲಿ ಡ್ಯೂಕ್ ಕಾಣುತ್ತಾನೆ. ಭದ್ರತಾ ಕ್ಯಾಮೆರಾದ ಟಿವಿ ಒತ್ತಿದರೆ ಮುಂದಿನ ಕೋಣೆಯಲ್ಲಿ ಯಾರು ಕಾದಿದ್ದಾರೆ ಅಂತ ನೋಡಬಹುದು. ಅಲ್ಲೇ ಡ್ಯೂಕ್‌ನದೇ ಹೆಸರಿನ ಆರ್ಕೇಡ್ ಮಷೀನೊಂದು ನಿಂತಿರುತ್ತದೆ. ಅದನ್ನು ಒತ್ತಿದರೆ ಅವನು ಹೇಳುವ ಪೋಲಿ ಮಾತು ಇಲ್ಲಿ ಬೇಡ. ನೀವೇ ಒತ್ತಿ ಕೇಳಿ.

ಗಮನಿಸಿ, ಇದೆಲ್ಲ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಕಮೋಡು ಬಳಸಿದರೆ, ಒಡೆದ ನಲ್ಲಿಯ ನೀರು ಕುಡಿದರೆ ಪ್ರಾಣ ಸ್ವಲ್ಪ ಏರುತ್ತದೆ. ಬಿರುಕು ಬಿಟ್ಟ ಗೋಡೆ ಕಂಡರೆ ಅದರ ಹಿಂದೆ ಏನೋ ಇದೆ ಅಂತಲೇ ಲೆಕ್ಕ. ಕೋಣೆ ಕೋಣೆ ಮುಟ್ಟಿ ನೋಡುವವನಿಗೆ ಆಟ ಹೆಚ್ಚು ಕೊಡುತ್ತದೆ.

ಆಯುಧಗಳ ವಿಚಾರದಲ್ಲೂ ಹಾಗೆಯೇ. ಪೈಪ್ ಬಾಂಬ್ ಎಸೆದು, ಬಾಗಿಲ ಹಿಂದೆ ಅಡಗಿ, ಶತ್ರು ಅದರ ಹತ್ತಿರ ಬಂದಾಗ ನೀವೇ ರಿಮೋಟ್ ಒತ್ತಿ ಸಿಡಿಸಬೇಕು. ಲೇಸರ್ ಬಾಂಬನ್ನು ಗೋಡೆಗೆ ಅಂಟಿಸಿದರೆ ದಾಟಿದವನು ಹೋದ. ಶ್ರಿಂಕರ್‌ನಿಂದ ಹೊಡೆದರೆ ಎದುರಾಳಿ ಇಲಿಮರಿಯಷ್ಟಾಗುತ್ತಾನೆ, ಆಮೇಲೆ ಕಾಲಲ್ಲಿ ತುಳಿದರೆ ಮುಗಿಯಿತು. ಫ್ರೀಝರ್‌ನಿಂದ ಹೆಪ್ಪುಗಟ್ಟಿಸಿ ಒದ್ದರೆ ಚೂರುಚೂರು. ಜೆಟ್‌ಪ್ಯಾಕ್ ಹಾಕಿಕೊಂಡು ಹಾರಬಹುದು. ಹೋಲೊಡ್ಯೂಕ್ ಎಂಬ ಹುಸಿ ಡ್ಯೂಕ್‌ನನ್ನು ನಿಲ್ಲಿಸಿ ಶತ್ರುಗಳನ್ನು ಯಾಮಾರಿಸಬಹುದು. ಇವತ್ತಿನ ಎಷ್ಟೋ ಶೂಟರ್‌ಗಳಲ್ಲಿ ಹತ್ತು ಬಂದೂಕು ಇದ್ದರೂ ಹತ್ತೂ ಒಂದೇ ಕೆಲಸ ಮಾಡುತ್ತವೆ. ಇಲ್ಲಿ ಒಂದೊಂದಕ್ಕೂ ಒಂದೊಂದು ಕುತಂತ್ರ.

ಇದರ ಒಳಗಿನ ಬಿಲ್ಡ್ ಎಂಜಿನ್, ಅಂದರೆ ಗೇಮನ್ನು ಓಡಿಸುವ ಮೂಲ ಪ್ರೋಗ್ರಾಂ, ಬರೆದವರು ಕೆನ್ ಸಿಲ್ವರ್‌ಮನ್, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಈ ಎಂಜಿನ್ ಪೂರ್ತಿ ಮೂರು ಆಯಾಮದ್ದಲ್ಲ. ಆದರೆ ಒಂದೇ ಜಾಗದಲ್ಲಿ ಎರಡು ಕೋಣೆಗಳನ್ನು ಒಂದರ ಮೇಲೊಂದು ಹೇರಿ, ಎರಡೂ ಒಟ್ಟಿಗೆ ಕಾಣದಂತೆ ನೋಡಿಕೊಂಡರೆ ಅದಕ್ಕೆ ಏನೂ ತೊಂದರೆ ಇಲ್ಲ. ಎರಡನೇ ಎಪಿಸೋಡಿನ ಲುನಾಟಿಕ್ ಫ್ರಿಂಜ್ ಎಂಬ ಗುಪ್ತ ಮಟ್ಟದಲ್ಲಿ (ಲೆವೆಲ್) ಈ ಕೈಚಳಕ ಚೆನ್ನಾಗಿ ಕಾಣುತ್ತದೆ. ವೃತ್ತದ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಹೊರಟ ಜಾಗಕ್ಕೆ ಬರುವುದಿಲ್ಲ. ಎರಡು ಸುತ್ತು ಹಾಕಬೇಕು, ಅಂದರೆ 720 ಡಿಗ್ರಿ. ಅದೇ ವರ್ಷದ ಜೂನ್‌ನಲ್ಲಿ ನಿಜವಾದ 3ಡಿ ಇದ್ದ ಕ್ವೇಕ್ ಎಂಬ ಶೂಟರ್ ಬಂತು. ತಂತ್ರದಲ್ಲಿ ಅದು ಮುಂದೆ, ಒಪ್ಪೋಣ. ಆದರೆ ಇಂಥ ಚೇಷ್ಟೆ ಅದರಲ್ಲಿಲ್ಲ.

ಕೊರತೆ ಇಲ್ಲವೇ? ಇದೆ. ಬಾಗಿಲು ತೆರೆಯುವ ಬಣ್ಣದ ಕೀಕಾರ್ಡ್ ಹುಡುಕುತ್ತಾ ಅಲೆಯುವುದು ಕೆಲವು ಮಟ್ಟಗಳಲ್ಲಿ ಬೇಸರ ತರಿಸುತ್ತದೆ. ಎರಡನೇ ಎಪಿಸೋಡ್ ಚಂದ್ರ ಮತ್ತು ಬಾಹ್ಯಾಕಾಶ ನಿಲ್ದಾಣಗಳಲ್ಲಿ ನಡೆಯುತ್ತದೆ. ಅಲ್ಲಿ ಮತ್ತೆ ಅದೇ ಲೋಹದ ಕಾರಿಡಾರ್. ಮೊದಲನೆಯದು, ಮೂರನೆಯದು ಎರಡೂ ನಗರದಲ್ಲಿವೆ, ನನ್ನ ಮಟ್ಟಿಗೆ ಅವೇ ಚೆಂದ. ಬೇಜಾರಾದರೆ ಎರಡನೆಯದನ್ನು ಬಿಟ್ಟು ಮೂರಕ್ಕೆ ಹೋಗಿ. ಮೆನುವಿನಲ್ಲೇ ಎಪಿಸೋಡ್ ಆರಿಸಬಹುದು, ಕಥೆ ಕಳೆದುಹೋಗುವಷ್ಟು ಕಥೆಯೇನೂ ಇಲ್ಲ. ಕಷ್ಟದ ಮಟ್ಟ 'ಲೆಟ್ಸ್ ರಾಕ್' ಇಟ್ಟುಕೊಳ್ಳಿ. ಕೊನೆಯ 'ಡ್ಯಾಮ್ ಐ ಆಮ್ ಗುಡ್'ನಲ್ಲಿ ಸತ್ತ ಶತ್ರುಗಳು ಮತ್ತೆ ಎದ್ದು ಬರುತ್ತಾರೆ. ಹೆಣವನ್ನೂ ಸಿಡಿಸಿ ಚಿಂದಿ ಮಾಡಿದರೆ ಮಾತ್ರ ಏಳುವುದಿಲ್ಲ. ಮೊದಲ ಸಲಕ್ಕೆ ಬೇಡ.

ಹೆಣ್ಣುಮಕ್ಕಳನ್ನು ತೋರಿಸಿರುವ ರೀತಿ ಬಗ್ಗೆಯೂ ಹೇಳಲೇಬೇಕು. ಸ್ಟ್ರಿಪ್ ಕ್ಲಬ್‌ಗಳಿವೆ. ಏಲಿಯನ್‌ಗಳು ಕಟ್ಟಿಹಾಕಿದ ಹೆಂಗಸರು 'ಸಾಯಿಸಿಬಿಡು' ಅಂತ ಬೇಡುವ ದೃಶ್ಯಗಳಿವೆ. ಅವು 1996ರಲ್ಲೂ ಜಗಳ ಎಬ್ಬಿಸಿದ್ದವು, ಈಗ ಇನ್ನೂ ಹಳಸಲು ಅನಿಸುತ್ತವೆ. ಮೂಲ ಗೇಮಿನ ಮೆನುವಿನಲ್ಲೇ ಪಾಸ್‌ವರ್ಡ್ ಹಾಕಿ ದೊಡ್ಡವರ ಅಂಶಗಳನ್ನು ಮುಚ್ಚುವ ಅನುಕೂಲ ಇದೆ. ಆದರೂ ಮಕ್ಕಳಿಗೆ ಇದು ಬೇಡ. ರಕ್ತ ಬೇರೆ ಧಾರಾಳವಾಗಿದೆ.

ಹಾಗಾದರೆ 3ಡಿಯ ಯಾವ ಆವೃತ್ತಿ?

ಗೊಂದಲ ಜಾಸ್ತಿ ಇರುವುದು ಇಲ್ಲೇ. ಮೂಲದಲ್ಲಿ ಮೂರು ಎಪಿಸೋಡ್. ಅದೇ ವರ್ಷದ ಕೊನೆಯ ಹೊತ್ತಿಗೆ ನಾಲ್ಕನೆಯದು ಸೇರಿ ಅಟಾಮಿಕ್ ಎಡಿಷನ್ ಆಯಿತು. ಈ ನಾಲ್ಕನೆಯದರಲ್ಲಿ ಶ್ರಿಂಕರ್‌ಗೆ ತದ್ವಿರುದ್ಧವಾದ ಆಯುಧ ಬರುತ್ತದೆ, ತಗುಲಿದವನು ಉಬ್ಬಿ ಉಬ್ಬಿ ಸಿಡಿಯುತ್ತಾನೆ. 2013ರಲ್ಲಿ ಮೆಗಾಟನ್ ಎಡಿಷನ್ ಬಂತು. ಅದರಲ್ಲಿ ವಾಷಿಂಗ್ಟನ್ ಡಿಸಿ, ಕೆರಿಬಿಯನ್, ಕ್ರಿಸ್‌ಮಸ್ ವಿಷಯದ ಮೂರು ಹಳೆ ಎಕ್ಸ್‌ಪಾನ್ಷನ್‌ಗಳೂ (ಮೂಲ ಗೇಮಿಗೆ ಸೇರಿಸುವ ಹೆಚ್ಚುವರಿ ಭಾಗಗಳು) ಇದ್ದವು. ಹಕ್ಕುಗಳು ಗೇರ್‌ಬಾಕ್ಸ್ ಕಂಪನಿಯ ಕೈಯಲ್ಲಿ ನಿಂತ ಮೇಲೆ ಅದನ್ನು ಆನ್‌ಲೈನ್ ಅಂಗಡಿಯಿಂದ ತೆಗೆದರು. ಆಗಲೇ ಕೊಂಡವರ ಲೈಬ್ರರಿಯಲ್ಲಿ ಈಗಲೂ ಇದೆ. ನೀವು ಅಂಥವರಾದರೆ ಮತ್ತೇನೂ ಕೊಳ್ಳಬೇಕಿಲ್ಲ.

ಈಗ ಕೊಳ್ಳುವವರಿಗೆ ಸಿಗುವುದು 2016ರ ಅಕ್ಟೋಬರ್‌ನಲ್ಲಿ ಬಂದ 20ನೇ ವಾರ್ಷಿಕೋತ್ಸವದ ವರ್ಲ್ಡ್ ಟೂರ್. ಪಿಸಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗೆ ಆಗಲೇ ಬಂತು, 2020ರಲ್ಲಿ ಸ್ವಿಚ್‌ಗೂ ಬಂತು. ಹಳೆಯ ನಾಲ್ಕರ ಜೊತೆ ಐದನೇ ಎಪಿಸೋಡ್ ಹೊಸದು. ಅದನ್ನು ಮಾಡಿದವರು ಮೂಲ ಗೇಮಿನ ಮಟ್ಟಗಳನ್ನು ಕಟ್ಟಿದ ಅಲೆನ್ ಬ್ಲಮ್ ಮತ್ತು ಲೆವೆಲಾರ್ಡ್ ಎಂದೇ ಹೆಸರಾದ ರಿಚರ್ಡ್ ಗ್ರೇ. ಆಮ್‌ಸ್ಟರ್‌ಡ್ಯಾಮ್, ಮಾಸ್ಕೋ, ಲಂಡನ್, ಪ್ಯಾರಿಸ್, ಗೀಜಾ ಅಂತ ಊರೂರು ಸುತ್ತುತ್ತದೆ. ಬೆಂಕಿ ಉಗುಳುವ ಹೊಸ ಆಯುಧವೂ ಇದೆ. ಡ್ಯೂಕ್‌ನ ದನಿ ಕೊಟ್ಟ ಜಾನ್ ಸೇಂಟ್ ಜಾನ್ ಹಳೆ ಮಾತುಗಳನ್ನು ಮತ್ತೆ ರೆಕಾರ್ಡ್ ಮಾಡಿದ್ದಾರೆ, ಬೇಡವಾದರೆ ಹಳೆಯದನ್ನೇ ಇಟ್ಟುಕೊಳ್ಳಬಹುದು. ಸತ್ತರೆ ಆಟವನ್ನು ಹಿಂದಕ್ಕೆ ಸುತ್ತಿ ಬೇಕಾದ ಕಡೆಯಿಂದ ಮುಂದುವರಿಸಬಹುದು. ಅಲ್ಲಲ್ಲಿ ಗುಂಡಿ ಒತ್ತಿದರೆ ಗೇಮ್ ಮಾಡಿದವರು ತಮ್ಮ ಕಥೆ ಹೇಳುತ್ತಾರೆ. ಈ ಕಥೆಗಳು ನನಗೆ ತುಂಬಾ ಇಷ್ಟ. ಆದರೆ ಮೆಗಾಟನ್‌ನಲ್ಲಿದ್ದ ಮೂರು ಎಕ್ಸ್‌ಪಾನ್ಷನ್‌ಗಳು ಇದರಲ್ಲಿಲ್ಲ.

ಇನ್ನೊಂದು ದಾರಿ ಇ-ಡ್ಯೂಕ್‌32. ಗೇಮಿನ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯವನ್ನು, 2003ರ ಏಪ್ರಿಲ್ 1ರಂದು ಬಿಡುಗಡೆ ಮಾಡಿದರು. ತಾರೀಕು ನೋಡಿ ಕೆಲವರಿಗೆ ತಮಾಷೆ ಅನಿಸಿರಬಹುದು, ಆದರೆ ನಿಜವಾಗಿಯೂ ಬಿಟ್ಟರು. ಅದನ್ನು ಹಿಡಿದು ಅಭಿಮಾನಿಗಳು ಕಟ್ಟಿದ ಉಚಿತ ಪ್ರೋಗ್ರಾಂ ಇದು. ಗೇಮಿನ ಡೇಟಾ ಇರುವ ಜಿಆರ್‌ಪಿ ಫೈಲೊಂದನ್ನು ಕೊಟ್ಟರೆ ಇವತ್ತಿನ ಯಾವ ಸ್ಕ್ರೀನ್ ಅಳತೆಗೂ, ಮೌಸ್‌ಗೂ ಹೊಂದುವ ಹಾಗೆ ಓಡಿಸುತ್ತದೆ. ಆ ಫೈಲಿನ ಮೊದಲ ಹನ್ನೆರಡು ಅಕ್ಷರ ಏನು ಗೊತ್ತಾ? ಕೆನ್ ಸಿಲ್ವರ್‌ಮನ್ ಅಂತ ಅವರದೇ ಹೆಸರು. ಶೇರ್‌ವೇರ್‌ನ ಫೈಲ್ ಹಾಕಿದರೆ ಮೊದಲ ಎಪಿಸೋಡ್ ಪೂರ್ತಿ ಪುಕ್ಕಟೆ, ಅದೂ ಕಾನೂನುಬದ್ಧವಾಗಿ. ಅಭಿಮಾನಿಗಳು ಮಾಡಿದ ಮಟ್ಟಗಳನ್ನೂ ಇದರಲ್ಲಿ ಆಡಬಹುದು.

ಎರಡರಲ್ಲಿ ಯಾವುದು? ಕನ್ಸೋಲ್ ಇದ್ದರೆ ಪ್ರಶ್ನೆಯೇ ಇಲ್ಲ, ವರ್ಲ್ಡ್ ಟೂರ್. ಪಿಸಿ ಇದ್ದರೆ ಮೊದಲು ಇ-ಡ್ಯೂಕ್‌32ರಲ್ಲಿ ಶೇರ್‌ವೇರ್ ಆಡಿ. ಮೊದಲ ಮಟ್ಟದಲ್ಲೇ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹಿಡಿಸಿದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ಬರುವವರೆಗೆ ಕಾದು ವರ್ಲ್ಡ್ ಟೂರ್ ತಗೊಳ್ಳಿ. ಅದರ ಜೊತೆ ಬರುವ ಜಿಆರ್‌ಪಿ ಫೈಲನ್ನೇ ಇ-ಡ್ಯೂಕ್‌32ಕ್ಕೂ ಕೊಡಬಹುದು. ಒಂದು ಕಿವಿಮಾತು: ಇ-ಡ್ಯೂಕ್‌32ರಲ್ಲಿ ಚಿತ್ರ ಬಿಡಿಸುವ ವಿಧಾನ ಆರಿಸಬೇಕು. ಕ್ಲಾಸಿಕ್‌ನಲ್ಲಿ ಮೇಲೆ ಕೆಳಗೆ ನೋಡಿದಾಗ ಗೋಡೆಗಳು ಓರೆಯಾಗಿ ಎಳೆದ ಹಾಗೆ ಕಾಣುತ್ತವೆ. ಅದು ನಿಮ್ಮ ಕಂಪ್ಯೂಟರಿನ ದೋಷ ಅಲ್ಲ, ಆ ಕಾಲದ ಎಂಜಿನ್ ಇದ್ದದ್ದೇ ಹಾಗೆ. ತಲೆ ಸುತ್ತಿದರೆ ಪಾಲಿಮೋಸ್ಟ್‌ಗೆ ಬದಲಿಸಿ.

ಫಾರೆವರ್: ಹದಿನಾಲ್ಕು ವರ್ಷದ ಕಾಯುವಿಕೆ

ಡ್ಯೂಕ್ ನ್ಯೂಕೆಮ್ ಫಾರೆವರ್ ಘೋಷಣೆಯಾದದ್ದು 1997ರ ಏಪ್ರಿಲ್‌ನಲ್ಲಿ. ಅಂಗಡಿಗೆ ಬಂದದ್ದು 2011ರ ಜೂನ್‌ನಲ್ಲಿ. ಮೊದಲು ಕ್ವೇಕ್ 2ರ ಎಂಜಿನ್ ಕೊಂಡರು, ಮರುವರ್ಷವೇ ಬಿಟ್ಟು ಅನ್‌ರಿಯಲ್ ಎಂಜಿನ್‌ಗೆ ಹೋದರು. 2001ರ ಇ3 ಮೇಳದ ಟ್ರೇಲರ್ ನೋಡಿದವರು ಇನ್ನೇನು ಬಂತು ಅಂದುಕೊಂಡರು. ಯಾವಾಗ ಬರುತ್ತೆ ಅಂತ ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: ಮುಗಿದಾಗ. 2009ರ ಮೇನಲ್ಲಿ 3ಡಿ ರೆಲ್ಮ್ಸ್ ತನ್ನ ಇಡೀ ತಂಡವನ್ನು ಮನೆಗೆ ಕಳಿಸಿತು. ಆ ತಂಡದ ಕೆಲವರು ಟ್ರಿಪ್ಟಿಕ್ ಗೇಮ್ಸ್ ಅಂತ ಸೇರಿಕೊಂಡು ಕೆಲಸ ಮುಂದುವರಿಸಿದರು. 2010ರಲ್ಲಿ ಗೇರ್‌ಬಾಕ್ಸ್ ಕೈಹಾಕಿ ದಡ ಸೇರಿಸಿತು.

ಕಾದದ್ದು ಸಾರ್ಥಕವಾಯಿತೇ? ಇಲ್ಲ. ಲಾಸ್ ವೇಗಸ್‌ನಲ್ಲಿ ಕಥೆ. ಡ್ಯೂಕ್ ಈಗ ಲೋಕಪ್ರಸಿದ್ಧ. ಅವನ ಹೆಸರಿನ ಬರ್ಗರ್ ಅಂಗಡಿ, ಅವನದೇ ಕ್ಯಾಸಿನೊ, ಗೋಡೆ ತುಂಬಾ ಅವನದೇ ಚಿತ್ರ. ಉಪ್ಪಿನಕಾಯಿಯನ್ನೇ ಎಲೆ ತುಂಬಾ ಬಡಿಸಿಬಿಟ್ಟರು. ಪ್ರಾಣದ ಬದಲು 'ಈಗೋ' ಎಂಬ ಪಟ್ಟಿ. ಕನ್ನಡಿ ನೋಡಿಕೊಂಡರೆ, ಡಂಬೆಲ್ ಎತ್ತಿದರೆ ಅದು ಉದ್ದವಾಗುತ್ತದೆ. ಇದು ಒಳ್ಳೆಯ ತಮಾಷೆಯೇ. ಆದರೆ ಗುಂಡು ಬಿದ್ದಾಗ ಒಂದು ಮೂಲೆಯಲ್ಲಿ ಕೂತರೆ ಆ ಪಟ್ಟಿ ತಾನೇ ತುಂಬಿಕೊಳ್ಳುತ್ತದೆ. ಅಲ್ಲಿಗೆ ಔಷಧಿ ಹುಡುಕುತ್ತಾ ಕೋಣೆ ಕೋಣೆ ಜಾಲಾಡುವ ಕಾರಣವೇ ಹೋಯಿತು. ಜೊತೆಗೆ ಎರಡೇ ಆಯುಧ ಇಟ್ಟುಕೊಳ್ಳುವ ನಿಯಮ. ಹತ್ತು ಕುತಂತ್ರದ ಮನುಷ್ಯನಿಗೆ ಎರಡೇ ಜೇಬು ಹೊಲಿದ ಹಾಗಾಯಿತು. ಆಮೇಲೆ ಪಿಸಿಯಲ್ಲಿ ಪ್ಯಾಚ್ ಮೂಲಕ ನಾಲ್ಕಕ್ಕೆ ಏರಿಸಿದರು. ದಾರಿಯೂ ಒಂದೇ ನೇರ, ಕವಲುಗಳು ಕಡಿಮೆ.

ಏಲಿಯನ್ ಗೂಡಿನ ಮಟ್ಟವಂತೂ ಅಸಹ್ಯ. ಅಪಹರಿಸಿದ ಹೆಂಗಸರ ಸಂಕಟದ ಪಕ್ಕದಲ್ಲೇ ಡ್ಯೂಕ್ ಜೋಕ್ ಹೊಡೆಯುತ್ತಾನೆ. ನಗು ಬರುವುದಿಲ್ಲ, ಗೇಮ್ ಮುಚ್ಚಿಡೋಣ ಅನಿಸುತ್ತದೆ.

ಹಾಗಂತ ಪೂರ್ತಿ ತಿಪ್ಪೆಗೆ ಎಸೆಯುವ ಗೇಮೂ ಅಲ್ಲ. ಡ್ಯೂಕ್ ಕುಗ್ಗಿ ಆಟಿಕೆಯಷ್ಟಾಗಿ ರಿಮೋಟ್ ಕಾರಿನಲ್ಲಿ ಕ್ಯಾಸಿನೊ ಸುತ್ತುವ ಭಾಗ, ಬರ್ಗರ್ ಅಂಗಡಿಯ ಅಡುಗೆಮನೆಯಲ್ಲಿ ಕಪಾಟಿನಿಂದ ಕಪಾಟಿಗೆ ಜಿಗಿಯುವ ಭಾಗ ಎರಡೂ ಸೊಗಸಾಗಿವೆ. ಅಲ್ಲಿ ಜಗತ್ತು ಮತ್ತೆ ಕೈಗೆ ಸಿಗುತ್ತದೆ. ಅದೇ ವರ್ಷದ ಕೊನೆಗೆ ಬಂದ ಡಿಎಲ್‌ಸಿಯಲ್ಲಿ (ಆಮೇಲೆ ಡೌನ್‌ಲೋಡ್ ಮಾಡಿ ಸೇರಿಸುವ ಭಾಗ) ಹಳೆಯ ಖಳ ಡಾಕ್ಟರ್ ಪ್ರೋಟಾನ್ ವಾಪಸ್ ಬರುತ್ತಾನೆ. ಕುತೂಹಲ ತಡೆಯೋಕಾಗದಿದ್ದರೆ ಭಾರಿ ರಿಯಾಯಿತಿಯಲ್ಲಿ ಮಾತ್ರ ಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕ್ಯಾಸಿನೊ ಭಾಗ ಆ ಹೊತ್ತಿನೊಳಗೇ ಬರುತ್ತದೆ, ಅಷ್ಟರಲ್ಲಿ ತೀರ್ಮಾನ ಮಾಡಬಹುದು.

ಪಕ್ಕದಿಂದ ನೋಡುವ ಹಳೆಯವು

ಬಂದೂಕಿನ ಕಣ್ಣಿಂದ ನೋಡಿದರೆ ತಲೆ ತಿರುಗುವವರಿಗೆ, ಹಳೆ ಜಿಗಿದಾಟ ಇಷ್ಟಪಡುವವರಿಗೆ ಇವು. 1991ರ ಮೊದಲ ಡ್ಯೂಕ್ ನ್ಯೂಕೆಮ್‌ನಲ್ಲಿ ಅವನಿಗೆ ಕಪ್ಪು ಕನ್ನಡಕವೂ ಇಲ್ಲ, ಬಡಾಯಿಯ ದನಿಯೂ ಇಲ್ಲ. ಗುಲಾಬಿ ಬಣ್ಣದ ಬನಿಯನ್ ಹಾಕಿದ ಸಾಧಾರಣ ಮನುಷ್ಯ. ಹದಿನಾರೇ ಬಣ್ಣ. ಸದ್ದೆಂದರೆ ಪಿಸಿ ಸ್ಪೀಕರಿನ ಕಿರುಚಾಟ. ಒಂದು ಕಾರ್ಟೂನಿನ ಪಾತ್ರಕ್ಕೂ ಇದೇ ಹೆಸರಿದೆ ಅಂತ ಹೆದರಿ ಕೆಲಕಾಲ ಹೆಸರಿನಲ್ಲಿ ಒಂದಕ್ಷರ ಬದಲಿಸಿ ನ್ಯೂಕಮ್ ಅಂತ ಮಾರಿದ್ದೂ ಉಂಟು. ಆಟ ಸರಳ, ಸ್ವಚ್ಛ. ಆದರೆ ಇವತ್ತು ಆಡಿದರೆ ಪರದೆ ತುಂಡುತುಂಡಾಗಿ ಸರಿಯುವುದು ಕಣ್ಣಿಗೆ ಕಿರಿಕಿರಿ.

1993ರ ಎರಡನೆಯದು ಎಲ್ಲದರಲ್ಲೂ ಮೇಲು. ಡ್ಯೂಕ್ ಟಿವಿಯಲ್ಲಿ ತನ್ನ ಆತ್ಮಕಥೆಯ ಬಗ್ಗೆ ಮಾತಾಡುತ್ತಿರುವಾಗ ಏಲಿಯನ್‌ಗಳು ಎತ್ತಿಕೊಂಡು ಹೋಗುತ್ತಾರೆ. ಪುಸ್ತಕದ ಹೆಸರೇ 'ನಾನ್ಯಾಕೆ ಇಷ್ಟು ಗ್ರೇಟು' ಅನ್ನುವ ಅರ್ಥದ್ದು. ಬಡಾಯಿ ಶುರುವಾದದ್ದು ಇಲ್ಲಿಂದ. ಬೆಂಕಿ ಬಂದೂಕನ್ನು ಕೆಳಕ್ಕೆ ಹಿಡಿದು ಹೊಡೆದರೆ ಅದರ ರಭಸಕ್ಕೆ ಮೇಲಕ್ಕೆ ಹಾರಬಹುದು, ಇದು ಬಲು ಮಜಾ. ಇವೆರಡರಲ್ಲಿ ಒಂದೇ ಆಡೋದಾದರೆ ಎರಡನೆಯದು. ಹಳೆ ಡಾಸ್ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ನಡೆಯುತ್ತದೆ, ರೈಗೆಲ್ ಎಂಜಿನ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಇನ್ನೂ ನಯವಾಗಿ ನಡೆಯುತ್ತದೆ.

2002ರ ಮ್ಯಾನ್‌ಹ್ಯಾಟನ್ ಪ್ರಾಜೆಕ್ಟ್ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ, ಅದು ಅನ್ಯಾಯ. ನ್ಯೂಯಾರ್ಕಿನ ಮಾಳಿಗೆ, ಚರಂಡಿ, ಸುರಂಗ ರೈಲುಗಳಲ್ಲಿ 3ಡಿ ಚಿತ್ರದಲ್ಲೇ ಪಕ್ಕದಿಂದ ಆಡುವ ಗೇಮ್. ಜಾನ್ ಸೇಂಟ್ ಜಾನ್ ಅವರದೇ ದನಿ. ಹೊಸದೇನೂ ಇಲ್ಲ, ಆದರೆ ಅಚ್ಚುಕಟ್ಟು. ಫಾರೆವರ್‌ಗೆ ಕೊಡುವ ದುಡ್ಡು ಇದಕ್ಕೆ ಕೊಡುವುದು ಮೇಲು.

ಬೆನ್ನ ಹಿಂದಿನ ಕ್ಯಾಮೆರಾದವು

ಪ್ಲೇಸ್ಟೇಷನ್‌ನ ಟೈಮ್ ಟು ಕಿಲ್ (1998), ಲ್ಯಾಂಡ್ ಆಫ್ ದ ಬೇಬ್ಸ್ (2000), ನಿಂಟೆಂಡೊ 64ರ ಝೀರೊ ಅವರ್ (1999). ಮೊದಲನೆಯದೂ ಕೊನೆಯದೂ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ, ಕೌಬಾಯ್‌ಗಳ ಕಾಲಕ್ಕೆ ಎರಡೂ ಹೋಗುತ್ತವೆ. ಹಳೆ ಕನ್ಸೋಲ್ ಮನೆಯಲ್ಲಿದ್ದರೆ ಝೀರೊ ಅವರ್ ಒಂದು ಕೈ ನೋಡಿ. ಉಳಿದೆರಡರ ಕಂಟ್ರೋಲು ಇವತ್ತಿನ ಕೈಗೆ ತೀರಾ ಜಡ. ಬಿಟ್ಟರೂ ನಷ್ಟವಿಲ್ಲ.

ಡ್ಯೂಕ್‌ನ ಬಾಯಿ ಬೇಡ, ಆಟ ಬೇಕು ಅನ್ನುವವರಿಗೆ

ಅಂಥವರು ಇದ್ದಾರೆ, ಅವರ ಮಾತಲ್ಲಿ ತಪ್ಪೂ ಇಲ್ಲ. ಅವರಿಗೆ 2019ರ ಅಯಾನ್ ಫ್ಯೂರಿ ಇದೆ. ಅದು ಡ್ಯೂಕ್ ಗೇಮ್ ಅಲ್ಲ, ಆದರೆ ಕಟ್ಟಿರುವುದು ಅದೇ ಬಿಲ್ಡ್ ಎಂಜಿನ್‌ನಲ್ಲಿ, ಇ-ಡ್ಯೂಕ್‌32ರ ಬುನಾದಿ ಮೇಲೆ. ಮೊದಲು ಅದರ ಹೆಸರು ಅಯಾನ್ ಮೇಡನ್ ಅಂತ ಇತ್ತು. ಐರನ್ ಮೇಡನ್ ಎಂಬ ಸಂಗೀತ ತಂಡ ಕೇಸು ಹಾಕಿದ ಮೇಲೆ ಬದಲಾಯಿಸಿದರು. ನಾಯಕಿ ಶೆಲ್ಲಿ ಹ್ಯಾರಿಸನ್ ಬಾಂಬ್ ಪರಿಣತೆ. ಅವಳೂ ಪಂಚ್ ಡೈಲಾಗ್ ಹೊಡೆಯುತ್ತಾಳೆ, ಆದರೆ ಸ್ಟ್ರಿಪ್ ಕ್ಲಬ್ಬಿಗೆ ಕರೆದುಕೊಂಡು ಹೋಗುವುದಿಲ್ಲ. ಸ್ವಿಚ್ಚು, ಗುಪ್ತ ಬಾಗಿಲು, ಒಡೆಯುವ ಗೋಡೆ ಎಲ್ಲ ಇಲ್ಲೂ ಇವೆ. ಮಟ್ಟಗಳು ಡ್ಯೂಕ್‌ನದಕ್ಕಿಂತ ಎಷ್ಟೋ ದೊಡ್ಡವು. ಅದೇ ಅದರ ಸಮಸ್ಯೆಯೂ ಹೌದು, ದಾರಿ ತಪ್ಪಿ ಅಲೆಯುವುದು ಜಾಸ್ತಿ.

ಹಾಗಾಗಿ ಡ್ಯೂಕ್ ಬೇಡ ಅನ್ನುವವರೂ ಶೇರ್‌ವೇರ್ ಎಪಿಸೋಡಿನ ಒಂದೆರಡು ಮಟ್ಟ ಆಡಿ ಇಲ್ಲಿಗೆ ಬನ್ನಿ. ಬಿಲ್ಡ್ ಎಂಜಿನ್ ಗೇಮ್‌ಗಳಲ್ಲಿ ಎಲ್ಲಿ ಏನು ಹುಡುಕಬೇಕು ಅನ್ನುವ ಕಣ್ಣು ಅಷ್ಟರಲ್ಲಿ ಬಂದಿರುತ್ತದೆ. ಅಂದ ಹಾಗೆ, ಡ್ಯೂಕ್‌ನ ದನಿಯಿಂದ ಪೂರ್ತಿ ತಪ್ಪಿಸಿಕೊಳ್ಳೋಕೆ ಇಲ್ಲೂ ಆಗುವುದಿಲ್ಲ. ಖಳನಾಯಕ ಡಾಕ್ಟರ್ ಹೆಸ್ಕೆಲ್‌ಗೆ ದನಿ ಕೊಟ್ಟವರು ಜಾನ್ ಸೇಂಟ್ ಜಾನ್.